'ದುಡ್ಡು ಬಂತು' ಅನ್ನೋದಕ್ಕೆ ಏನು ಕಷ್ಟ?

ಬೆಂಗಳೂರಿನ ರಸ್ತೆಗಳಲ್ಲಿ ಇವತ್ತು ಅತಿ ಹೆಚ್ಚು ಸಲ ಕಿವಿಗೆ ಬೀಳುವ ಕನ್ನಡ ಕ್ರಿಯಾಪದ ಯಾವುದಿರಬಹುದು? 'ಬಾ', 'ಹೋಗು', 'ತಗೋ' ಇವೆಲ್ಲವನ್ನೂ 'ಸ್ವೀಕರಿಸಲಾಗಿದೆ' ಹಿಂದೆ ಹಾಕಿದೆ ಅಂತ ನನ್ನ ಗುಮಾನಿ. ಎಳನೀರಿನ ಗಾಡಿ, ದರ್ಶಿನಿಯ ಕ್ಯಾಶ್ ಕೌಂಟರ್, ಪಂಕ್ಚರ್ ಅಂಗಡಿ, ಹೂವಿನ ಬುಟ್ಟಿ, ಎಲ್ಲಿ ನೋಡಿದರೂ ಒಂದು ಪುಟ್ಟ ಪೆಟ್ಟಿಗೆ. ನೀವು ಸ್ಕ್ಯಾನ್ ಮಾಡಿ ಪಿನ್ ಒತ್ತಿದ ಎರಡು ಸೆಕೆಂಡಿಗೆ ಅದು ಬಹಳ ಗಂಭೀರವಾಗಿ 'ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ' ಅನ್ನುತ್ತದೆ. ಹೂವು ಕಟ್ಟುತ್ತಿರುವ ಅಜ್ಜಿ ತಲೆಯನ್ನೂ ಎತ್ತದೆ 'ಬಂತು ಬಂತು, ಹೊರಡಿ' ಅನ್ನುತ್ತಾರೆ.

ಆ ಅಜ್ಜಿ ಮಾಡಿದ್ದು ಅನುವಾದ. ಕನ್ನಡದಿಂದ ಕನ್ನಡಕ್ಕೆ! ಪೆಟ್ಟಿಗೆಯ ಏಳು ಅಕ್ಷರ ಅವರ ಬಾಯಲ್ಲಿ ಎರಡಾಯಿತು. ಅರ್ಥ ಒಂದು ಚೂರೂ ಸೋರಲಿಲ್ಲ. ಯುಪಿಐ ಬಂದದ್ದು 2016ರಲ್ಲಿ. ಇಷ್ಟು ವರ್ಷದಲ್ಲಿ ದುಡ್ಡು ಕಳಿಸುವ ವೇಗ ಎಲ್ಲಿಂದ ಎಲ್ಲಿಗೋ ಹೋಯಿತು, ಆದರೆ ದುಡ್ಡು ಬಂತು ಅಂತ ಹೇಳುವ ಕನ್ನಡ ಮಾತ್ರ ಯಾವುದೋ ಕಚೇರಿಯ ಬೀರುವಿನಿಂದ ಈಗಷ್ಟೇ ಧೂಳು ಕೊಡವಿಕೊಂಡು ಎದ್ದು ಬಂದ ಹಾಗಿದೆ.

ನಾನು ಹೊಟ್ಟೆಪಾಡಿಗೆ ಆ್ಯಪ್‌ಗಳ ಕೋಡ್ ಬರೆಯುವವನು, ಭಾಷಾಶಾಸ್ತ್ರ ಓದಿದವನಲ್ಲ. ಆದರೆ ಫೋನನ್ನು ಪೂರ್ತಿ ಕನ್ನಡಕ್ಕೆ ತಿರುಗಿಸಿ ಹಲವು ತಿಂಗಳಾದವು. ಆಫೀಸಿನ ಗೆಳೆಯರು ನನ್ನ ಫೋನ್ ಇಸಿದುಕೊಂಡರೆ ಅರ್ಧ ನಿಮಿಷದಲ್ಲಿ 'ಏನ್ ಗುರು ಇದು, ಸೆಟ್ಟಿಂಗ್ಸ್ ಎಲ್ಲಿದೆ' ಅಂತ ವಾಪಸ್ ಕೊಡ್ತಾರೆ. ಅವರಲ್ಲಿ ಮೂವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಒಂದು ಪುಸ್ತಕವನ್ನು ವಿಮರ್ಶೆ ಮಾಡುವ ಹಾಗೆ ಈ ಫೋನಿನ ಕನ್ನಡವನ್ನೂ ಯಾರಾದರೂ ಕೂತು ವಿಮರ್ಶೆ ಮಾಡಬೇಕಲ್ವಾ ಅಂತ ನನಗೆ ಅನ್ನಿಸಿದ್ದು ಆಗ. ನಾವು ದಿನಕ್ಕೆ ಅತಿ ಹೆಚ್ಚು ಓದುವ ಕನ್ನಡ ಗದ್ಯ ಇದೇ ಆಗಬಹುದು. ಬರೆದವರ ಹೆಸರಿಲ್ಲ, ಮುನ್ನುಡಿ ಇಲ್ಲ, ವಿಮರ್ಶಕರಂತೂ ಇಲ್ಲವೇ ಇಲ್ಲ.

ಮೊದಲು ಪದಗಳನ್ನು ನೋಡೋಣ. ನೋಟಿಫಿಕೇಶನ್ ಅಂದರೆ 'ಅಧಿಸೂಚನೆ'. ಕನ್ನಡ ಪತ್ರಿಕೆ ಓದುವವರಿಗೆ ಗೊತ್ತು, ಅಧಿಸೂಚನೆ ಹೊರಡಿಸೋದು ಚುನಾವಣಾ ಆಯೋಗ, ಇಲ್ಲವೇ ಭೂಸ್ವಾಧೀನ ಮಾಡುವ ಸರ್ಕಾರ. ನನ್ನ ಫೋನಿನಲ್ಲಿ ಬಿರಿಯಾನಿಗೆ ಅರ್ಧ ರೇಟು ಅನ್ನುವುದೂ ಅಧಿಸೂಚನೆಯೇ. ಬೆಳಗ್ಗೆ ಅಲಾರಂ ಹೊಡೆದಾಗ ಅದನ್ನು ನಿಲ್ಲಿಸಲು 'ವಜಾಗೊಳಿಸಿ' ಅಂತ ಬರುತ್ತದೆ. ನಿದ್ದೆಗಣ್ಣಿನಲ್ಲಿ ನಾನು ಹೈಕೋರ್ಟಿನ ನ್ಯಾಯಮೂರ್ತಿ, ಅಲಾರಂ ಮೇಲ್ಮನವಿ ಸಲ್ಲಿಸಿದ ಅರ್ಜಿದಾರ. ಹಳೇ ಸರ್ಚುಗಳನ್ನು ಅಳಿಸಬೇಕಾದರೆ 'ತೆರವುಗೊಳಿಸಿ'. ಕೆರೆ ಒತ್ತುವರಿ ನೆನಪಾಗದೆ ಇರುತ್ತಾ? ಡೀಫಾಲ್ಟ್ ಬ್ರೌಸರ್ ಅನ್ನುವುದಕ್ಕೆ 'ಪೂರ್ವನಿಯೋಜಿತ'. ನಮ್ಮೂರ ಪತ್ರಿಕೆಗಳಲ್ಲಿ ಈ ಪದ ಕಾಣೋದು ಸಾಮಾನ್ಯವಾಗಿ ಕೊಲೆ ಪ್ರಕರಣದ ವರದಿಯಲ್ಲಿ. ಇನ್ನು ಮಸಾಲೆ ದೋಸೆ ತರಿಸಿಕೊಂಡರೆ 'ನಿಮ್ಮ ಆದೇಶ ಹೊರಟಿದೆ' ಅಂತ ಒಂದು ಸಂದೇಶ. ಚಟ್ನಿ ಜತೆಗೆ ಸುತ್ತೋಲೆಯೂ ಬರಬಹುದು ಅಂತ ಕಾಯುತ್ತಾ ಕೂರಬೇಕು.

ನಗು ಬರುತ್ತದೆ ನಿಜ. ಆದರೆ ಈ ಪದಗಳನ್ನು ಒಟ್ಟಿಗೆ ಇಟ್ಟು ನೋಡಿ: ನಮೂದಿಸಿ, ಸಲ್ಲಿಸಿ, ದೃಢೀಕರಿಸಿ, ಅನುಮೋದಿಸಿ, ತಿರಸ್ಕರಿಸಿ, ರದ್ದುಗೊಳಿಸಿ, ನಿರ್ಬಂಧಿಸಿ. ಎಲ್ಲವೂ ಒಂದೇ ಕಟ್ಟಡದಿಂದ ಬಂದವು, ತಾಲ್ಲೂಕು ಕಚೇರಿಯಿಂದ. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾಯ್ದೆ ಬಂತು. ಇಂಗ್ಲಿಷಿನ ಕಡತ, ಟಿಪ್ಪಣಿ, ಆದೇಶಗಳಿಗೆ ಕನ್ನಡದ ಪದಗಳು ಬೇಕಾದವು, ಮಾಡಿಕೊಂಡರು. ಅದು ದೊಡ್ಡ ಕೆಲಸ, ಅದನ್ನು ಹಂಗಿಸುವ ಉದ್ದೇಶ ನನಗಿಲ್ಲ. ಆದೇಶಪತ್ರದಲ್ಲಿ 'ಈ ಮೂಲಕ ಆದೇಶಿಸಲಾಗಿದೆ' ಅಂತ ಬರೆಯಲು ಕಾರಣವೂ ಇದೆ. ಆದೇಶ ಹೊರಡಿಸಿದ್ದು ಸರ್ಕಾರ, ಸಹಿ ಹಾಕಿದ ಅಧಿಕಾರಿ ಅಲ್ಲ. ಅಲ್ಲಿ ಕರ್ತೃ ಮರೆಯಾಗಬೇಕು. ಆಮೇಲೆ ಕಂಪ್ಯೂಟರು ಬಂತು. ಅದರ ಮೆನುಗಳಿಗೆ ಕನ್ನಡ ಬೇಕಾದಾಗ ಕೈಗೆ ಸಿಕ್ಕ ರೆಡಿಮೇಡ್ ಕನ್ನಡ ಇದೊಂದೇ. ಹೀಗಾಗಿ ತಹಶೀಲ್ದಾರರ ಟೇಬಲ್ಲಿನ ಮೇಲೆ ಇರಬೇಕಾಗಿದ್ದ ಗದ್ಯ ನಮ್ಮ ಜೇಬಿಗೆ ಬಂದು ಕೂತಿತು.

ಈಗ ಈ ವಿಷಯದಲ್ಲಿ ಜಗಳ ಆಡುವ ಎರಡು ಪಂಗಡಗಳಿವೆ. ಒಂದು ಕಡೆಯವರು ಗಣಕಯಂತ್ರ, ಅಂತರ್ಜಾಲ, ದತ್ತಾಂಶ ಅನ್ನುವ ಸಂಸ್ಕೃತದ ಪದಗಳೇ ಸರಿ ಅನ್ನುತ್ತಾರೆ. ಇನ್ನೊಂದು ಕಡೆಯವರು ಡಿ.ಎನ್. ಶಂಕರ ಬಟ್ಟರ ವಿಚಾರಗಳಿಂದ ಹುರುಪುಗೊಂಡು ಎಣ್ಣುಕ, ಮಿಂಬಲೆ ಅಂತ ಕನ್ನಡದ ಬೇರಿನಿಂದಲೇ ಪದ ಕಟ್ಟುತ್ತಾರೆ. ಎರಡೂ ಕಡೆ ನನಗೆ ಗೌರವ ಇದೆ. ಜಾಲತಾಣ, ಮುಖಪುಟ, ಮಿಂಚಂಚೆ ಇವೆಲ್ಲ ನನಗೆ ಇಷ್ಟದ ಪದಗಳೇ. ಆದರೆ ಒಂದು ಗಮನಿಸಿ. ಈ ಜಗಳ ಪೂರ್ತಿ ನಡೆಯುತ್ತಿರುವುದು ನಾಮಪದದ ಬಗ್ಗೆ. ಫೋನಿನ ಕನ್ನಡ ಕೆಟ್ಟಿರುವುದು ಕ್ರಿಯಾಪದದಲ್ಲಿ. 'ಮೆಸೇಜ್ ಬಂತು' ಅಂದರೆ ಕನ್ನಡ. 'ಸಂದೇಶವನ್ನು ಸ್ವೀಕರಿಸಲಾಗಿದೆ' ಅನ್ನುವುದರಲ್ಲಿ ಇಂಗ್ಲಿಷ್ ಪದ ಒಂದೂ ಇಲ್ಲ, ಆದರೂ ಅದು ಇಂಗ್ಲಿಷೇ, ಪಂಚೆ ಉಟ್ಟುಕೊಂಡಿದೆ ಅಷ್ಟೆ.

ನಮ್ಮ ಜನ ನಾಮಪದದ ವಿಷಯದಲ್ಲಿ ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ. ಪ್ರೀಪೇಯ್ಡ್ ಸಿಮ್ ಬಂದ ಕಾಲದಲ್ಲಿ ರೀಚಾರ್ಜಿಗೆ 'ಕರೆನ್ಸಿ' ಅಂತ ಹೆಸರಿಟ್ಟರು. 'ಕರೆನ್ಸಿ ಖಾಲಿ ಆಗಿದೆ, ನೀನೇ ಮಾಡು' ಅನ್ನುವ ವಾಕ್ಯವನ್ನು ಯಾವ ಕಂಪನಿಯೂ ಕಲಿಸಿಕೊಡಲಿಲ್ಲ. ಮಲೆನಾಡಿನಲ್ಲಿ ಸಿಗ್ನಲ್ ಇಲ್ಲ ಅನ್ನುವುದಿಲ್ಲ, 'ಟವರ್ ಇಲ್ಲ' ಅನ್ನುತ್ತಾರೆ. ಟವರ್ ಸಿಗುವ ಬಂಡೆ ಯಾವುದು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಸ್ಟೇಟಸ್ ಹಾಕು, ಮಿಸ್ಡ್ ಕಾಲ್ ಕೊಡು, ನೆಟ್ ಆಫ್ ಮಾಡು, ಗೂಗಲ್‌ನಲ್ಲಿ ಹೊಡಿ. ಹೆಸರು ಎಲ್ಲಿಂದಲಾದರೂ ಬರಲಿ, ಅದರ ಬಾಲಕ್ಕೆ ಹಾಕು, ಕೊಡು, ಮಾಡು, ಹೊಡಿ ಅಂತ ನಮ್ಮದೇ ಒಂದು ಕ್ರಿಯಾಪದ ಕಟ್ಟಿ ಮುಂದೆ ಹೋಗುತ್ತಾರೆ. ಮನೆ ಕಟ್ಟುವ ಇಟ್ಟಿಗೆ ಬೇರೆ ಊರಿನದಾದರೂ ಗಾರೆ ಕೆಲಸ ನಮ್ಮೂರದು.

ಫೋನಿನ ಕನ್ನಡ ಇದರ ತಿರುಗುಮುರುಗು. ಇಟ್ಟಿಗೆ ಅಪ್ಪಟ, ಗಾರೆ ಕೆಲಸ ಹೊರಗಿನದು.

ಹೀಗೆ ಯಾಕಾಗುತ್ತದೆ ಅನ್ನುವುದು ನಮ್ಮ ಉದ್ಯೋಗದ ಒಳಗಿನ ಕತೆ, ಸ್ವಲ್ಪ ಹೇಳುತ್ತೇನೆ. ಆ್ಯಪಿನಲ್ಲಿ ಕಾಣುವ ಪ್ರತಿಯೊಂದು ಪದ, ವಾಕ್ಯವನ್ನೂ ನಾವು ಸ್ಟ್ರಿಂಗ್ ಅನ್ನುತ್ತೇವೆ. ಎಲ್ಲ ಸ್ಟ್ರಿಂಗುಗಳನ್ನೂ ಒಂದು ಪಟ್ಟಿಗೆ ಎಳೆದು ಅನುವಾದಕರಿಗೆ ಕಳಿಸುತ್ತಾರೆ. ಅವರಿಗೆ ಆ್ಯಪ್ ಕಾಣುವುದಿಲ್ಲ, ಪಟ್ಟಿ ಮಾತ್ರ ಕಾಣುತ್ತದೆ. ಒಂದು ಸಾಲಿನಲ್ಲಿ 'ಓಪನ್' ಅಂತ ಇರುತ್ತದೆ. ಅದು ಬಾಗಿಲು ತೆರೆ ಅಂತಲೋ, ಅಂಗಡಿ ತೆರೆದಿದೆ ಅಂತಲೋ? 'ಬುಕ್' ಅಂದರೆ ಓದುವ ಪುಸ್ತಕವೋ, ಬಸ್ಸಿನ ಸೀಟೋ? ಯಾವ ಪರದೆಯಲ್ಲಿ ಬರುತ್ತದೆ ಅಂತ ವಿವರಿಸಲು ಪಕ್ಕದಲ್ಲಿ ಒಂದು ಕಾಲಂ ಇರುತ್ತದೆ. ಅದನ್ನು ತುಂಬಿಸಬೇಕಾದವರು ನಮ್ಮಂಥ ಎಂಜಿನಿಯರುಗಳು. ಬಿಡುಗಡೆಯ ಹಿಂದಿನ ದಿನ ಯಾರು ತುಂಬಿಸುತ್ತಾರೆ? ಸಂಬಳ ಸಾಮಾನ್ಯವಾಗಿ ಮೂಲದ ಪದಕ್ಕೆ ಇಷ್ಟು ಅಂತ ಲೆಕ್ಕ. ಹಾಗಿರುವಾಗ ಅನುವಾದಕರು ಒಂದೊಂದು ಗುಂಡಿಯ ಮುಂದೆ ಕೂತು ಧ್ಯಾನ ಮಾಡಲಿ ಅನ್ನುವುದು ಅನ್ಯಾಯ. ಒಮ್ಮೆ ಒಪ್ಪಿಗೆಯಾದ ಅನುವಾದ ಒಂದು ನೆನಪಿನ ಪೆಟ್ಟಿಗೆಗೆ ಸೇರುತ್ತದೆ. ಮುಂದಿನ ಸಲ ಅದೇ ಇಂಗ್ಲಿಷ್ ಪದ ಬಂದರೆ ಪೆಟ್ಟಿಗೆಯೇ ಉತ್ತರ ಕೊಡುತ್ತದೆ. ಯಾರೋ ಒಬ್ಬರು ಒಂದು ದಿನ ಅಲಾರಮ್ಮಿಗೆ 'ವಜಾಗೊಳಿಸಿ' ಅಂದರು, ಅದು ಕ್ಯಾಲೆಂಡರಿಗೂ ಬಂತು, ಜಾಹೀರಾತಿಗೂ ಬಂತು. ಅನುವಾದ ಯಂತ್ರಗಳು ಕನ್ನಡ ಕಲಿಯುವುದೂ ಜಾಲದಲ್ಲಿ ಬಿದ್ದಿರುವ ಇಂಥ ಕನ್ನಡ-ಇಂಗ್ಲಿಷ್ ಜೋಡಿಗಳಿಂದಲೇ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಯಂತ್ರಗಳು ಜಾಣವಾಗಿವೆ, ಒಪ್ಪುತ್ತೇನೆ. ಆದರೆ ಮೇಷ್ಟ್ರು ತಾಲ್ಲೂಕು ಕಚೇರಿಯವರಾದರೆ ಶಿಷ್ಯನ ಮಾತು ಇನ್ನೆಲ್ಲಿಂದ ಬರಬೇಕು?

ವ್ಯಾಕರಣದ ಒಂದು ತಮಾಷೆಯೂ ಇದೆ. ಇಂಗ್ಲಿಷಿನಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು ವಾಕ್ಯ ಬರೆಯಬಹುದು, ಯಾವ ಹೆಸರು ಬಂದು ಕೂತರೂ ಅಕ್ಕಪಕ್ಕದ ಪದ ಅಲುಗಾಡುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ಗಣೇಶನಿಗೆ, ಗುರುವಿಗೆ, ಸೀತೆಗೆ, ಕಿರಣ್‌ಗೆ. ವಿಭಕ್ತಿ ಹೆಸರಿನ ಕೊನೆಯನ್ನು ನೋಡಿ ವೇಷ ಬದಲಿಸುತ್ತದೆ. ಕೋಡಿನಲ್ಲಿ ಇದನ್ನು ಸಂಭಾಳಿಸುವುದು ತಲೆನೋವು. ಅದಕ್ಕೆ ಅನುವಾದಕರು ಒಂದು ಉಪಾಯ ಹುಡುಕಿದರು. ಎಲ್ಲ ಹೆಸರಿನ ಮುಂದೆಯೂ 'ಅವರು' ಅಂತ ಒಂದು ಗೂಟ ಹೊಡೆದು ವಿಭಕ್ತಿಯನ್ನು ಅದಕ್ಕೆ ನೇತುಹಾಕುವುದು. ಉಪಾಯವೇನೋ ಜಾಣತನದ್ದೇ. ಪರಿಣಾಮ ಏನಪ್ಪಾ ಅಂದರೆ 'ಪ್ರಾವಿಷನ್ ಸ್ಟೋರ್ ಅವರಿಗೆ 240 ರೂಪಾಯಿ ಪಾವತಿಸಲಾಗಿದೆ'. ಕರೆಂಟ್ ಬಿಲ್ ಅವರು, ಪೆಟ್ರೋಲ್ ಬಂಕ್ ಅವರು, ಗೆಳತಿಯ ಬೆಕ್ಕಿನ ಖಾತೆ ಅವರು. ಇಷ್ಟೊಂದು ಮರ್ಯಾದೆ ಮಂಡ್ಯದಲ್ಲಿ ಮನುಷ್ಯರಿಗೂ ಸಿಗಲ್ಲ. (ಮಂಡ್ಯದ ಗೆಳೆಯರು ಬೇಜಾರು ಮಾಡ್ಕೋಬೇಡಿ, ನಿಮ್ಮ ಏಕವಚನದಲ್ಲಿರುವ ಪ್ರೀತಿ ಯಾವ 'ಅವರು'ನಲ್ಲೂ ಇಲ್ಲ.) ಇದಕ್ಕೆ ದಾರಿ ಇಲ್ಲ ಅಂತಲ್ಲ. ವಾಕ್ಯವನ್ನೇ ಮುರಿದು '240 ರೂಪಾಯಿ ಹೋಯಿತು' ಅಂತ ಬರೆದು, ಕೆಳಗೆ 'ಯಾರಿಗೆ:' ಅಂತ ಹಾಕಿ ಹೆಸರು ತೋರಿಸಿದರೆ ವಿಭಕ್ತಿಯ ಗೊಡವೆಯೇ ಇಲ್ಲ. ಇಂಗ್ಲಿಷಿನ ವಾಕ್ಯವನ್ನು ಹಾಗೇ ಉಳಿಸಿಕೊಳ್ಳಬೇಕು ಅನ್ನುವ ಹಟ ಬಿಡಬೇಕು ಅಷ್ಟೆ.

ಇನ್ನೊಂದು ವಿಷಯ ನನಗೆ ಬಹಳ ದಿನ ತಲೆ ತಿಂದಿತ್ತು. ಗುಂಡಿಯ ಮೇಲೆ 'ಸೇವ್' ಅಂತ ಇದ್ದರೆ ಅಲ್ಲಿ ಯಾರು ಯಾರಿಗೆ ಹೇಳುತ್ತಿರುವುದು? ಇಂಗ್ಲಿಷ್ ಈ ಪ್ರಶ್ನೆಗೆ ಉತ್ತರ ಕೊಡದೆ ನುಣುಚಿಕೊಳ್ಳಬಹುದು. ಕನ್ನಡ ಕೊಡಲೇಬೇಕು. ಮೊದಮೊದಲು ಸ್ವತಂತ್ರ ತಂತ್ರಾಂಶಗಳನ್ನು ಕನ್ನಡಕ್ಕೆ ತಂದ ಉತ್ಸಾಹಿಗಳು, ರಾತ್ರಿ ಕೂತು ಕಾಸಿಲ್ಲದೆ ದುಡಿದವರು, ಅದನ್ನು 'ಉಳಿಸು', 'ತೆರೆ', 'ಮುಚ್ಚು' ಅಂತ ಬರೆದರು. ಅಂದರೆ ನಾನು ಯಜಮಾನ, ಕಂಪ್ಯೂಟರಿಗೆ ಏಕವಚನದಲ್ಲಿ ಹೇಳುತ್ತಿದ್ದೇನೆ. ಈಗಿನ ಫೋನುಗಳಲ್ಲಿ ಅದೇ ಗುಂಡಿ 'ಉಳಿಸಿ', 'ತೆರೆಯಿರಿ', 'ಅನುಮತಿಸಿ' ಆಗಿದೆ. ಈಗ ಮಾತಾಡುತ್ತಿರುವುದು ಫೋನು. ಬಹುವಚನ ಹಾಕಿ, ಬಹಳ ವಿನಯದಿಂದ, ನನ್ನ ಕೈಯಲ್ಲಿ ಅದಕ್ಕೆ ಬೇಕಾದ ಕೆಲಸ ಮಾಡಿಸಿಕೊಳ್ಳುತ್ತಿದೆ. ಲೊಕೇಶನ್ ಅನುಮತಿಸಿ, ಕಾಂಟ್ಯಾಕ್ಟ್ಸ್ ಅನುಮತಿಸಿ, ಮುಂದುವರಿಯಿರಿ. ಯಾರೂ ಕೂತು ಯೋಚಿಸಿ ಮಾಡಿದ ಬದಲಾವಣೆ ಇದಾಗಿರಲಿಕ್ಕಿಲ್ಲ. ಆದರೂ ಈ ಒಂದು ಪ್ರತ್ಯಯದಲ್ಲಿ ಇಂಟರ್ನೆಟ್ಟಿನ ಇಪ್ಪತ್ತು ವರ್ಷದ ಚರಿತ್ರೆ ಇದೆ ಅಂತ ನನಗೆ ಅನ್ನಿಸುತ್ತದೆ.

'ಲೈಕ್' ಗುಂಡಿಗಂತೂ 'ಇಷ್ಟಪಡಿ' ಅಂತ ಹಾಕಿದ್ದನ್ನು ನೋಡಿದ್ದೇನೆ. ಕನ್ನಡದಲ್ಲಿ ನಾವು ಇಷ್ಟವನ್ನು ಮಾಡುವುದಿಲ್ಲ, ಅದು ನಮಗೆ ಆಗುತ್ತದೆ. ಹಸಿವಿನ ಹಾಗೆ, ಜ್ವರದ ಹಾಗೆ. 'ಇಷ್ಟಪಡಿ' ಅಂತ ಆಜ್ಞೆ ಮಾಡುವವರು ಸಂಬಂಧ ತಂದ ಸೋದರತ್ತೆ ಮಾತ್ರ. 'ಫಾಲೋ' ಮಾಡೋದಕ್ಕೆ ಎರಡು ಆಯ್ಕೆ ಇವೆ. 'ಅನುಸರಿಸಿ' ಅಂದರೆ ಮಠಕ್ಕೆ ಸೇರಿದ ಹಾಗೆ, 'ಹಿಂಬಾಲಿಸಿ' ಅಂದರೆ ಪೊಲೀಸ್ ಸ್ಟೇಷನ್ನಿಗೆ ಹೋದ ಹಾಗೆ. ಜನ 'ಫಾಲೋ ಮಾಡಿ' ಅಂತ ಹೇಳಿ ನೆಮ್ಮದಿಯಾಗಿದ್ದಾರೆ.

ಅಕ್ಷರದ ಕಡೆಗೂ ಒಂದು ಮಾತು. ಯೂನಿಕೋಡ್ ಲೆಕ್ಕದಲ್ಲಿ 'ಸ್ತ್ರೀ' ಅನ್ನುವ ಒಂದೇ ಅಕ್ಷರ ಆರು ಸಂಕೇತಗಳ ಸರಪಳಿ. 'ಸ್ವೀಕರಿಸಲಾಗಿದೆ' ಅನ್ನುವುದಕ್ಕೆ 14 ಬೇಕು, 'ಬಂತು' ಅನ್ನುವುದಕ್ಕೆ 4. ಇಂಗ್ಲಿಷ್ ಎಸ್ಸೆಮ್ಮೆಸ್ಸಿನ ಒಂದು ಕಂತಿನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದ್ದರಲ್ಲಿ 70 ಸಂಕೇತ ಮಾತ್ರ. ಹಾಗಾಗಿ ಉದ್ದದ ಕನ್ನಡ ಕಂಪನಿಗೆ ದುಬಾರಿ. 'ಕನ್ನಡದಲ್ಲಿ ಕಳಿಸಿದರೆ ಎರಡು ಮೂರು ಮೆಸೇಜಿನ ಖರ್ಚು' ಅಂತ ಮೀಟಿಂಗಿನಲ್ಲಿ ಯಾರಾದರೂ ಅಂದ ಕೂಡಲೇ ಚರ್ಚೆ ಮುಗಿಯುತ್ತದೆ. ಆಡುವ ಕನ್ನಡ ಎಷ್ಟು ಚಿಕ್ಕದು ಅನ್ನುವುದು ಆ ಮೀಟಿಂಗಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಇನ್ನು ಗುಂಡಿಯ ಅಳತೆ ಇಂಗ್ಲಿಷಿನದು, ಅದರೊಳಗೆ ಕನ್ನಡ ತುರುಕಿದಾಗ ಒತ್ತಕ್ಷರದ ಕಾಲು ಕತ್ತರಿಸಿ ಹೋಗುವುದು, ಕೊನೆಗೆ ಮೂರು ಚುಕ್ಕಿ ಬರುವುದು, ಇವೆಲ್ಲ ನಿಮಗೆ ಗೊತ್ತಿರುವುದೇ.

ಇಷ್ಟೆಲ್ಲ ಹೇಳಿದ ಮೇಲೆ ನೀವು ಕೇಳಬಹುದು: ಆಯ್ತಪ್ಪಾ, ಭಾಷೆ ಸ್ವಲ್ಪ ಒರಟು, ಅರ್ಥ ಆಗುತ್ತಲ್ಲ, ಏನೀಗ? ಇಂಗ್ಲಿಷ್ ಬರುವ ನನಗೆ, ನಿಮಗೆ ಏನೂ ಇಲ್ಲ. ನಮಗೆ ಕಿರಿಕಿರಿಯಾದರೆ ಒಂದು ಸೆಟ್ಟಿಂಗ್ ಬದಲಾಯಿಸಿಕೊಂಡು ಇಂಗ್ಲಿಷಿಗೆ ಹೋಗುತ್ತೇವೆ. ನಿಜಕ್ಕೂ ಕನ್ನಡ ಬೇಕಾಗಿರುವುದು ಹಾಗೆ ಓಡಿಹೋಗಲು ಬೇರೆ ಮನೆ ಇಲ್ಲದವರಿಗೆ.

ತಿಪಟೂರಿನ ನಮ್ಮ ದೊಡ್ಡಮ್ಮನ ಖಾತೆಯಿಂದ ಹೋದ ವರ್ಷ 12,000 ರೂಪಾಯಿ ಹೋಯಿತು. ಯಾವನೋ ಬ್ಯಾಂಕಿನವನು ಅಂತ ಹೇಳಿಕೊಂಡು ಫೋನ್ ಮಾಡಿದ್ದ, ಓಟಿಪಿ ಕೇಳಿದ್ದ, ಇವರು ಕೊಟ್ಟರು. ಮೆಸೇಜಿನಲ್ಲಿ ಕನ್ನಡದಲ್ಲೇ ಎಚ್ಚರಿಕೆ ಇತ್ತು: 'ಇದನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ'. 'ಓದಿರಲಿಲ್ವಾ ದೊಡ್ಡಮ್ಮ?' ಅಂದೆ. 'ಓದ್ದೆ ಕಣೋ. ನಾನೇನು ಹಂಚ್ಕೊಂಡ್ನಾ? ಕೇಳ್ದ, ಹೇಳ್ದೆ ಅಷ್ಟೇಯ' ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೊಡ್ಡಮ್ಮನ ಕನ್ನಡ ಸರಿಯಾಗೇ ಇದೆ. ಹಂಚುವುದು ಅಂದರೆ ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚುವುದು. ಹಂಚಿಕೊಳ್ಳುವುದು ಅಂದರೆ ಅಣ್ಣತಮ್ಮಂದಿರು ತೆಂಗಿನ ತೋಟ ಭಾಗ ಮಾಡಿಕೊಳ್ಳುವುದು. ಒಂದು ನಂಬರನ್ನು ಹೇಗೆ ಹಂಚಿಕೊಳ್ಳುತ್ತಾರೆ? ನಂಬರನ್ನು ಹೇಳುತ್ತಾರೆ. ಇಂಗ್ಲಿಷಿನ 'ಶೇರ್' ಪದಕ್ಕೆ ನಿಘಂಟಿನಲ್ಲಿ ಸಿಕ್ಕಿದ್ದನ್ನು ಎತ್ತಿ ಇಟ್ಟವರು ಎಪ್ಪತ್ತು ವರ್ಷದ ಹೆಂಗಸಿನ ಕಿವಿಯಲ್ಲಿ ಅದು ಹೇಗೆ ಕೇಳುತ್ತದೆ ಅಂತ ಒಂದು ಕ್ಷಣ ಯೋಚಿಸಿದ್ದರೆ 'ಯಾರು ಕೇಳಿದರೂ ಹೇಳಬೇಡಿ, ಬ್ಯಾಂಕಿನವರು ಕೇಳಿದರೂ ಹೇಳಬೇಡಿ' ಅಂತ ಬರೆಯುತ್ತಿದ್ದರು. ಮೋಸ ಮಾಡಿದವನು ಕಳ್ಳ, ಅದರಲ್ಲಿ ಅನುಮಾನ ಇಲ್ಲ. ಆದರೆ ಕಳ್ಳನ ಕನ್ನಡ ಬಹಳ ಸ್ಪಷ್ಟವಾಗಿತ್ತು. ಅವನು 'ನಮೂದಿಸಿ' ಅನ್ನಲಿಲ್ಲ, 'ಒಂದು ನಂಬರ್ ಬಂದಿರತ್ತೆ ನೋಡಿ ಅಮ್ಮಾ, ಓದಿ ಹೇಳಿ' ಅಂದ. (ಇಂಥದ್ದು ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆ ಬಹಳ ಮುಖ್ಯ.)

ಯುಪಿಐ ಪಿನ್ನಿನ ಕತೆಯೂ ಇದೇ. 'ನಿಮಗೆ ದುಡ್ಡು ಕಳಿಸ್ತೀನಿ, ಬಂದಿರೋ ರಿಕ್ವೆಸ್ಟ್ ಒಪ್ಕೊಳಿ' ಅಂತ ಹೇಳಿ ಪಿನ್ ಒತ್ತಿಸಿ, ಬರಬೇಕಾದ ದುಡ್ಡಿನ ಬದಲು ಇದ್ದ ದುಡ್ಡನ್ನೇ ಎಳೆದುಕೊಂಡ ಪ್ರಕರಣಗಳು ಎಷ್ಟಾದವು ಅಂತ ಪತ್ರಿಕೆಯಲ್ಲಿ ಓದಿದ್ದೇವೆ. ದುಡ್ಡು ಪಡೆಯಲು ಪಿನ್ ಬೇಕಿಲ್ಲ ಅಂತ ಜಾಹೀರಾತು ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ದುಡ್ಡು ಕೇಳುವ ಸೌಲಭ್ಯವನ್ನೇ 2025ರ ಅಕ್ಟೋಬರ್‌ನಿಂದ ಎನ್‌ಪಿಸಿಐ ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ 'ಪಾವತಿ ವಿನಂತಿಯನ್ನು ಅನುಮೋದಿಸಿ' ಅನ್ನುವ ಸಾಲಿನ ಜಾಗದಲ್ಲಿ 'ನಿಮ್ಮ ಖಾತೆಯಿಂದ 5,000 ರೂಪಾಯಿ ಹೋಗುತ್ತದೆ, ಕಳಿಸಲಾ?' ಅಂತ ಇದ್ದಿದ್ದರೆ ಎಷ್ಟು ಜನರ ಬೆರಳು ನಿಲ್ಲುತ್ತಿತ್ತು ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪಾವತಿ ಅನ್ನುವ ಪದದಲ್ಲಿ ದುಡ್ಡು ಬರುತ್ತಾ ಹೋಗುತ್ತಾ? 'ಹೋಗುತ್ತದೆ' ಅನ್ನುವುದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಒಂದು ಆಕ್ಷೇಪ ನ್ಯಾಯವಾದದ್ದು. ಆಡುಮಾತು ಅಂತೀರಲ್ಲ, ಯಾರ ಆಡುಮಾತು? ಧಾರವಾಡದ್ದೋ, ಮಂಗಳೂರಿನದ್ದೋ, ಕುಂದಾಪುರದ್ದೋ? ಬೆಂಗಳೂರಿನ ಕನ್ನಡವನ್ನು ಎಲ್ಲರ ತಲೆಗೂ ಕಟ್ಟುವುದಾದರೆ ಅದೂ ಒಂದು ದಬ್ಬಾಳಿಕೆಯೇ ಅಲ್ವಾ? ನಿಜ. ಅದಕ್ಕೇ 'ಬಂದೈತಿ', 'ಬಂತ್ ಮಾರಾಯ' ಅಂತ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಬಂತು, ಹೋಯಿತು, ಆಯಿತು, ಬೇಡ, ಸಾಕು, ಕಳಿಸಿ, ಹೇಳಬೇಡಿ ಇವು ಬೀದರಿನಿಂದ ಚಾಮರಾಜನಗರದವರೆಗೆ ಯಾರು ಓದಿದರೂ ತಮ್ಮದು ಅನ್ನಿಸುವ ಬರಹದ ರೂಪಗಳೇ. 'ನಾಟ್ ನೌ' ಅನ್ನುವುದಕ್ಕೆ ಕೆಲವು ಆ್ಯಪ್‌ಗಳಲ್ಲಿ 'ಈಗ ಬೇಡ' ಅಂತ ಇದೆ. ಎಷ್ಟು ಚಂದ ಇದೆ ನೋಡಿ! ಯಾರೋ ಪುಣ್ಯಾತ್ಮರು ಆ ದಿನ ನಿಘಂಟನ್ನು ಮುಚ್ಚಿಟ್ಟು ಕಿವಿಯಿಂದ ಅನುವಾದ ಮಾಡಿದ್ದಾರೆ.

ಗ್ರಂಥಭಾಷೆಯೇ ತಪ್ಪು ಅಂತಲೂ ಅಲ್ಲ. ನಮ್ಮ ಮೆಟ್ರೋದ ಕನ್ನಡ ಘೋಷಣೆಗಳಿಗೆ ದನಿಯಾದವರು ಅಪರ್ಣಾ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಅವರನ್ನು ಒಮ್ಮೆಯೂ ಟೀವಿಯಲ್ಲಿ ನೋಡಿರದ ನನ್ನ ಸಹೋದ್ಯೋಗಿಗಳೂ, ಕನ್ನಡ ಬಾರದವರೂ, ಒಂದು ಗಳಿಗೆ ಸುಮ್ಮನಾದರು. ಅವರು 'ಮುಂದಿನ ನಿಲ್ದಾಣ' ಅನ್ನುವುದು ಶುದ್ಧ ಬರಹದ ಕನ್ನಡವೇ. ಆದರೆ ಅದನ್ನು ಒಬ್ಬ ಮನುಷ್ಯರು ಇನ್ನೊಬ್ಬ ಮನುಷ್ಯರಿಗೆ ಹೇಳುತ್ತಿದ್ದಾರೆ ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಪದ ಬಿಡಿಸಿ ಹೇಳುವ ನಿಧಾನ, ಊರಿನ ಹೆಸರಿನ ಮೇಲೊಂದು ಅಕ್ಕರೆ. ಸ್ವೀಕರಿಸಲಾಗಿದೆ ಪೆಟ್ಟಿಗೆಯ ಸಮಸ್ಯೆ ಅದರ ಶುದ್ಧತೆಯಲ್ಲಿಲ್ಲ. ಆ ವಾಕ್ಯದಲ್ಲಿ ಯಾರೂ ಇಲ್ಲ.

ಯಾರೂ ಇಲ್ಲದ ವಾಕ್ಯದ ರುಚಿ ನಮ್ಮ ಉದ್ಯೋಗದವರಿಗೆ ಚೆನ್ನಾಗಿ ಗೊತ್ತು. ಕೆಲಸದಿಂದ ತೆಗೆಯುವ ಈಮೇಲ್‌ಗಳನ್ನು ಓದಿದ್ದೀರಲ್ಲ? ನಿಮ್ಮ ಹುದ್ದೆಯ ಮೇಲೆ ಪರಿಣಾಮ ಆಗಿದೆ, ನಿರ್ಧಾರ ತೆಗೆದುಕೊಳ್ಳಲಾಗಿದೆ. ಯಾರು ತೆಗೆದುಕೊಂಡರು? ಮಳೆ ಬಂದ ಹಾಗೆ ಬಂತೇ ಆ ನಿರ್ಧಾರ? ಅದೇ ಸಂಜೆ ಮನೆಗೆ ಫೋನ್ ಮಾಡಿದವನು ಅಮ್ಮನಿಗೆ 'ಕೆಲಸದಿಂದ ತೆಗೆದ್ರಮ್ಮ' ಅನ್ನುತ್ತಾನೆ. ಆ 'ತೆಗೆದ್ರು' ಅನ್ನುವುದರಲ್ಲಿ ತೆಗೆದವರು ಇದ್ದಾರೆ. ಹಾಗಂತ ಕನ್ನಡಕ್ಕೆ ಜವಾಬ್ದಾರಿ ತಪ್ಪಿಸಿಕೊಳ್ಳಲು ಬರಲ್ಲ ಅಂತಲ್ಲ. ಲೋಟ ಒಡೆದವರು ಯಾರು ಅಂದರೆ 'ಒಡೆದೋಯ್ತು' ಅನ್ನುವ ಜನ ನಾವು. ಆದರೆ ಅದು ಕೈ ಕಟ್ಟಿಕೊಂಡು, ಮುಖ ಸಣ್ಣ ಮಾಡಿಕೊಂಡು ಹೇಳುವ ಮಾತು, ಹೇಳಿದವರು ಎದುರಿಗೇ ನಿಂತಿರುತ್ತಾರೆ. 'ಲೋಟವನ್ನು ಒಡೆಯಲಾಗಿದೆ' ಅಂತ ನೋಟಿಸು ಅಂಟಿಸಿ ಯಾರೂ ಮಾಯವಾಗುವುದಿಲ್ಲ.

2021ರ ಜೂನ್‌ನಲ್ಲಿ ಗೂಗಲ್ ಹುಡುಕಾಟದಲ್ಲಿ ಕನ್ನಡವನ್ನು ಹೀನಾಯವಾಗಿ ತೋರಿಸುವ ಉತ್ತರವೊಂದು ಕಂಡಾಗ ನಾಡಿಗೆ ನಾಡೇ ಸಿಟ್ಟಾಯಿತು, ಕಂಪನಿ ಕ್ಷಮೆ ಕೇಳಿತು. ಆ ಸಿಟ್ಟು ಬೇಕಿತ್ತು. ಆದರೆ ಆ ದಿನ ಟ್ವೀಟು ಮಾಡಿದ ನಮ್ಮಲ್ಲಿ ಎಷ್ಟು ಜನರ ಫೋನು ಕನ್ನಡದಲ್ಲಿತ್ತು? ಬಹುತೇಕ ಆ್ಯಪ್‌ಗಳಲ್ಲಿ ಅನುವಾದದ ತಪ್ಪು ತಿಳಿಸಲು ಒಂದು ದಾರಿ ಇರುತ್ತದೆ. ಅಲ್ಲಿ ಹೋಗಿ 'ಈ ಪದ ನನ್ನ ಅಮ್ಮನಿಗೆ ಅರ್ಥ ಆಗಲ್ಲ' ಅಂತ ಬರೆಯುವುದು ಟ್ರೆಂಡ್ ಆಗುವ ಕೆಲಸವಲ್ಲ, ಒಪ್ಪುತ್ತೇನೆ. ಪ್ರಜಾವಾಣಿಯಲ್ಲಿ ವರ್ಷಗಟ್ಟಲೆ 'ಇಗೋ ಕನ್ನಡ' ಬರೆದ ಜಿ. ವೆಂಕಟಸುಬ್ಬಯ್ಯನವರು ಓದುಗರ ಪುಟ್ಟ ಪುಟ್ಟ ಅನುಮಾನಗಳಿಗೂ ಕೂತು ಉತ್ತರ ಕೊಡುತ್ತಿದ್ದರು. ಗುಂಡಿಗಳಿಗೂ ಅಂಥ ಒಂದು ಅಂಕಣ ಬೇಕು.

ನಮ್ಮ ಆಫೀಸಿನಲ್ಲಿ ಕನ್ನಡ ಬರುವವರು ಆರು ಜನ ಸೇರಿ ಶುಕ್ರವಾರ ಊಟದ ಹೊತ್ತಿನಲ್ಲಿ ನಮ್ಮದೇ ಆ್ಯಪಿನ ಕನ್ನಡ ಸಾಲುಗಳನ್ನು ಓದಲು ಶುರು ಮಾಡಿದ್ದೇವೆ. ನಿಯಮ ಒಂದೇ: ಗಟ್ಟಿಯಾಗಿ ಓದಬೇಕು. ಓದುವಾಗ ಯಾರಿಗಾದರೂ ನಗು ಬಂದರೆ ಆ ಸಾಲಿಗೆ ಕೆಂಪು ಗುರುತು. ಹೋದ ತಿಂಗಳು 11 ಸಾಲುಗಳಿಗೆ ಬದಲಾವಣೆ ಸೂಚಿಸಿ, ಖಾಲಿ ಬಿದ್ದಿದ್ದ ಕಾಲಮ್ಮಿನಲ್ಲಿ ಯಾವ ಪರದೆ, ಯಾವ ಸಂದರ್ಭ ಅಂತ ಬರೆದು ಅನುವಾದದ ತಂಡಕ್ಕೆ ಕಳಿಸಿದೆವು. ನಾಲ್ಕನ್ನು ಒಪ್ಪಿಕೊಂಡಿದ್ದಾರೆ. ಏಳಕ್ಕೆ 'ಶೈಲಿ ಕೈಪಿಡಿಗೆ ವಿರುದ್ಧ' ಅಂತ ಉತ್ತರ ಬಂದಿದೆ. ಆ ಕೈಪಿಡಿ ಬರೆದವರು ಯಾರು ಅಂತ ಈಗ ಹುಡುಕುತ್ತಿದ್ದೇವೆ. ಒಪ್ಪಿಕೊಂಡ ನಾಲ್ಕರಲ್ಲಿ 'ಹೇಳಬೇಡಿ' ಇದೆ. ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ.